ಮ್ಯಾಗ್ನೆಟ್ರಾನಿಗೆ ಲಗಾಮು

ಕಣ ವೇಗೋತ್ಕರ್ಷಕದಲ್ಲಿ ಎಲೆಕ್ಟ್ರಾನು, ಪ್ರೋಟಾನುಗಳನ್ನು ಮುಂದಕ್ಕೆ ತಳ್ಳುವುದು ವಿದ್ಯುತ್ ಕ್ಷೇತ್ರ. ಸ್ಥಿರ ವೋಲ್ಟೇಜಿನಿಂದಲೇ ಈ ಕೆಲಸ ಮಾಡಿಸಲು ಹೊರಟರೆ ಕೆಲವು ದಶಲಕ್ಷ ವೋಲ್ಟುಗಳಾಚೆ ಕಿಡಿ ಹಾರಿ ನಿರೋಧಕಗಳು ಸೋಲುತ್ತವೆ. ಆದ್ದರಿಂದ ಹೆಚ್ಚಿನ ಯಂತ್ರಗಳಲ್ಲಿ ಲೋಹದ ಟೊಳ್ಳು ಕುಹರಗಳಿಗೆ ರೇಡಿಯೋ ಅಲೆಗಳನ್ನು ತುಂಬುತ್ತಾರೆ. ಅಲೆಯ ಕ್ಷೇತ್ರ ಸರಿಯಾದ ದಿಕ್ಕಿಗೆ ತಿರುಗಿರುವ ಕ್ಷಣ ನೋಡಿ ಕಣಗಳ ಗೊಂಚಲನ್ನು ಹಾಯಿಸುತ್ತಾರೆ. ಒಂದಾದ ಮೇಲೊಂದು ಕುಹರ ದಾಟುತ್ತ ಕಣಗಳು ಶಕ್ತಿ ಗಳಿಸುತ್ತವೆ. ಈ ಕುಹರಗಳಿಗೆ ರೇಡಿಯೋ ಶಕ್ತಿ ಒದಗಿಸುವ ಸಾಧನಗಳಲ್ಲಿ ಅತ್ಯಂತ ಅಗ್ಗದ್ದೂ ದಕ್ಷತೆಯಲ್ಲಿ ಮುಂಚೂಣಿಯಲ್ಲಿರುವುದೂ ಮ್ಯಾಗ್ನೆಟ್ರಾನ್. ಹೇಳಿದ ಮಾತು ಕೇಳದಿರುವುದರಲ್ಲೂ ಅದೇ ಮುಂದು.

ಕುಹರಕ್ಕೆ ಹೋಗುವ ಅಲೆ ಮೂರು ವಿಷಯಗಳಲ್ಲಿ ಶಿಸ್ತಿನಿಂದಿರಬೇಕು. ಮೊದಲನೆಯದು ಆವೃತ್ತಿ: ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು ಕುಹರದ ಸಹಜ ಆವೃತ್ತಿಗೆ ಹೊಂದಬೇಕು. ಎರಡನೆಯದು ಪ್ರಾವಸ್ಥೆ, ಅಂದರೆ ಫೇಸ್: ಕಣ ಬಂದ ಕ್ಷಣದಲ್ಲಿ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದು. ಮೂರನೆಯದು ಅಲೆಯ ಎತ್ತರ. ಕಣ ಗಳಿಸುವ ಶಕ್ತಿಯ ಲೆಕ್ಕ ಸರಳ. ಕುಹರದ ವೋಲ್ಟೇಜನ್ನು ಫೇಸ್ ಕೋನದ ಕೊಸೈನಿನಿಂದ ಗುಣಿಸಿದರೆ ಆಯಿತು. ಅಲೆಯ ನೆತ್ತಿಯ ಮೇಲೆ ಸಾಗುವ ಎಲೆಕ್ಟ್ರಾನಿಗೆ ಫೇಸ್ 1 ಡಿಗ್ರಿ ತಪ್ಪಿದರೆ ನಷ್ಟ ಶೇಕಡಾ 0.015 ಮಾತ್ರ. ಪ್ರೋಟಾನ್ ಯಂತ್ರಗಳಲ್ಲಿ ಗೊಂಚಲು ಚದುರದಿರಲೆಂದು ನೆತ್ತಿಯಿಂದ ಒಂದಿಷ್ಟು ಸರಿದು ನಡೆಸುತ್ತಾರೆ. ಹಾಗೆ 30 ಡಿಗ್ರಿ ಸರಿದ ಕಡೆ ಅದೇ 1 ಡಿಗ್ರಿಯ ತಪ್ಪು ಶಕ್ತಿಯಲ್ಲಿ ಶೇಕಡಾ 1ರಷ್ಟು ವ್ಯತ್ಯಾಸ ತರುತ್ತದೆ. 2,450 ಮೆಗಾಹರ್ಟ್ಸ್ ಅಲೆಯಲ್ಲಿ 1 ಡಿಗ್ರಿ ಎಂದರೆ ಸುಮಾರು 1.1 ಪಿಕೋಸೆಕೆಂಡ್. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು.

ಕೊಳವೆಯೊಳಗೆ ನಡೆಯುವುದೇನು

ಮ್ಯಾಗ್ನೆಟ್ರಾನ್ ಒಂದು ನಿರ್ವಾತ ಕೊಳವೆ. ನಟ್ಟನಡುವೆ ಕಾದ ಕ್ಯಾಥೋಡ್, ಸುತ್ತ ತಾಮ್ರದ ಆನೋಡ್, ಕೊಳವೆಯ ಉದ್ದಕ್ಕೂ ಹಾಯುವ ಕಾಂತಕ್ಷೇತ್ರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಆಲ್ಬರ್ಟ್ ಹಲ್ 1920ರ ಸುಮಾರಿಗೆ ಇಂಥ ಕೊಳವೆಗಳನ್ನು ಕಟ್ಟಿ ಪರೀಕ್ಷಿಸಿದ್ದರು. ಕಾಂತಕ್ಷೇತ್ರ ಇಲ್ಲದಿದ್ದರೆ ಎಲೆಕ್ಟ್ರಾನುಗಳು ಕ್ಯಾಥೋಡಿನಿಂದ ನೇರವಾಗಿ ಆನೋಡಿಗೆ ಹಾರುತ್ತವೆ. ಕಾಂತಕ್ಷೇತ್ರ ಏರಿಸಿದಂತೆ ಅವುಗಳ ಹಾದಿ ಬಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಅವು ಆನೋಡನ್ನು ಮುಟ್ಟದೆ ಕ್ಯಾಥೋಡಿನ ಸುತ್ತಲೇ ಮೋಡದಂತೆ ಸುತ್ತುತ್ತವೆ.

ಇಂದು ಬಳಕೆಯಲ್ಲಿರುವ ಕುಹರ ಮ್ಯಾಗ್ನೆಟ್ರಾನ್ ಎರಡನೇ ಮಹಾಯುದ್ಧದ ಕಾಲದ್ದು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ತಾಮ್ರದ ಗಟ್ಟಿಯೊಂದರಲ್ಲಿ ಆರು ಕುಹರಗಳನ್ನು ಕೊರೆದು, 1940ರ ಫೆಬ್ರುವರಿ 21ರಂದು ಅದನ್ನು ಚಾಲೂ ಮಾಡಿದರು. ಸುಮಾರು 9.8 ಸೆಂಟಿಮೀಟರ್ ಉದ್ದದ ಅಲೆಯಲ್ಲಿ ಅದು 400 ವಾಟ್‌ನಷ್ಟು ಶಕ್ತಿ ಕೊಟ್ಟಿತು. ಸೆಂಟಿಮೀಟರ್ ಅಲೆಗಳಲ್ಲಿ ಅಷ್ಟು ಶಕ್ತಿ ಕೊಡುವ ಸಾಧನಗಳು ಆಗ ತೀರ ಅಪರೂಪ. ಅದೇ ವರ್ಷ ಬ್ರಿಟನ್ ಕಳಿಸಿದ ಟಿಜರ್ಡ್ ನಿಯೋಗ ಇದರ ಮಾದರಿಯನ್ನು ಅಮೆರಿಕಕ್ಕೆ ಒಯ್ದಿತು. ಮಿತ್ರರಾಷ್ಟ್ರಗಳ ರೇಡಾರಿಗೆ ಅದೇ ಆಧಾರವಾಯಿತು.

ಕುಹರಗಳ ಕೆಲಸ ಹೀಗೆ. ಪ್ರತಿ ಕುಹರಕ್ಕೂ ತನ್ನದೇ ಸಹಜ ಆವೃತ್ತಿ ಇದೆ. ಎಲೆಕ್ಟ್ರಾನ್ ಮೋಡದ ಗದ್ದಲದಿಂದ ಅವುಗಳಲ್ಲಿ ಸಣ್ಣ ಕಂಪನ ಮೊದಲಾಗುತ್ತದೆ. ಆ ಕಂಪನದ ವಿದ್ಯುತ್ ಕ್ಷೇತ್ರ ಕೆಲವು ಎಲೆಕ್ಟ್ರಾನುಗಳನ್ನು ತಡೆದು ನಿಧಾನಿಸುತ್ತದೆ, ಕೆಲವನ್ನು ಇನ್ನಷ್ಟು ಓಡಿಸುತ್ತದೆ. ನಿಧಾನಗೊಂಡವು ತಮ್ಮ ಶಕ್ತಿಯನ್ನು ಅಲೆಗೆ ಕೊಟ್ಟು ಆನೋಡಿನತ್ತ ಸರಿಯುತ್ತವೆ. ಶಕ್ತಿ ಪಡೆದವು ಹಿಂದಿರುಗಿ ಕ್ಯಾಥೋಡಿಗೇ ಬಡಿಯುತ್ತವೆ. ಕೊಡುವವು ಬಹಳ ಹೊತ್ತು ಉಳಿಯುತ್ತವೆ, ಕಸಿಯುವವು ಬೇಗ ಹೊರಬೀಳುತ್ತವೆ. ಮ್ಯಾಗ್ನೆಟ್ರಾನಿನ ದಕ್ಷತೆಯ ಗುಟ್ಟು ಇಷ್ಟೇ. ಈ ವಿಂಗಡಣೆಯಿಂದ ಎಲೆಕ್ಟ್ರಾನ್ ಮೋಡ ಚಕ್ರದ ಅರಗಳ ರೂಪ ತಾಳಿ ಗಿರ್ರನೆ ತಿರುಗುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನಿನಲ್ಲಿ ಸಾಮಾನ್ಯವಾಗಿ 10 ಕುಹರಗಳಿರುತ್ತವೆ. ಅಕ್ಕಪಕ್ಕದ ಕುಹರಗಳು ಒಂದಕ್ಕೊಂದು ತದ್ವಿರುದ್ಧವಾಗಿ ಕಂಪಿಸುವುದರಿಂದ ಮೋಡಕ್ಕೆ 5 ಅರಗಳು. 2,450 ಮೆಗಾಹರ್ಟ್ಸ್ ಅಲೆ ಹುಟ್ಟಬೇಕಾದರೆ ಆ ಮೋಡ ಸೆಕೆಂಡಿಗೆ 49 ಕೋಟಿ ಸುತ್ತು ಹಾಕಬೇಕು.

ಸುಮಾರು 4,000 ವೋಲ್ಟಿನಲ್ಲಿ ನಡೆಯುವ ಒಲೆಯ ಮ್ಯಾಗ್ನೆಟ್ರಾನ್ 1 ಕಿಲೋವಾಟ್ ಆಸುಪಾಸಿನ ಶಕ್ತಿ ಕೊಡುತ್ತದೆ. ಅದರ ದಕ್ಷತೆ ಶೇಕಡಾ 70ರ ಸುಮಾರು. ಕಾರ್ಖಾನೆಗಳಲ್ಲಿ ಒಣಗಿಸಲು, ಬೇಯಿಸಲು ಬಳಸುವ 915 ಮೆಗಾಹರ್ಟ್ಸ್ ಮ್ಯಾಗ್ನೆಟ್ರಾನುಗಳು ಒಂದೊಂದೂ 100 ಕಿಲೋವಾಟ್‌ವರೆಗೆ ಕೊಡಬಲ್ಲವು. ಅವುಗಳ ದಕ್ಷತೆ ಶೇಕಡಾ 85ನ್ನು ಮುಟ್ಟುತ್ತದೆ.

ಆಂಪ್ಲಿಫೈಯರ್ ಅಲ್ಲ, ಆಸಿಲೇಟರ್

ದೊಡ್ಡ ವೇಗೋತ್ಕರ್ಷಕಗಳು ದಶಕಗಳಿಂದ ನೆಚ್ಚಿಕೊಂಡು ಬಂದಿರುವುದು ಕ್ಲೈಸ್ಟ್ರಾನನ್ನು. 1937ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರಸೆಲ್ ಮತ್ತು ಸಿಗರ್ಡ್ ವೇರಿಯನ್ ಸೋದರರು ರೂಪಿಸಿದ ಈ ಕೊಳವೆಯೂ ಎಲೆಕ್ಟ್ರಾನುಗಳಿಂದಲೇ ಶಕ್ತಿ ಹೀರಿಕೊಳ್ಳುತ್ತದೆ. ಆದರೆ ಅದು ಆಂಪ್ಲಿಫೈಯರ್. ಒಂದು ತುದಿಯಲ್ಲಿ ಪುಟ್ಟ ಸಂಕೇತ ಕೊಟ್ಟರೆ ಇನ್ನೊಂದು ತುದಿಯಲ್ಲಿ ಅದೇ ಆವೃತ್ತಿಯ, ಅದೇ ಫೇಸನ್ನು ಅನುಸರಿಸುವ ಸಂಕೇತ ಲಕ್ಷ ಪಟ್ಟು ದೊಡ್ಡದಾಗಿ ಹೊರಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 1966ರಲ್ಲಿ ಶುರುವಾದ ಸುಮಾರು 3.2 ಕಿಲೋಮೀಟರ್ ಉದ್ದದ ಯಂತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಕ್ಲೈಸ್ಟ್ರಾನುಗಳಿದ್ದವು. ಅವೆಲ್ಲ 2,856 ಮೆಗಾಹರ್ಟ್ಸ್‌ನಲ್ಲಿ ಒಂದೇ ಮೂಲ ಸಂಕೇತಕ್ಕೆ ಹೊಂದಿಕೊಂಡು ದುಡಿಯುತ್ತಿದ್ದವು.

ಮ್ಯಾಗ್ನೆಟ್ರಾನ್ ಹಾಗಲ್ಲ. ಅದು ಆಸಿಲೇಟರ್, ತಾನೇ ತಾನಾಗಿ ಕಂಪಿಸುವಂಥದ್ದು. ವೋಲ್ಟೇಜ್ ಕೊಟ್ಟರೆ ಸಾಕು, ಹೊರಗಿನ ಸಂಕೇತದ ಹಂಗಿಲ್ಲದೆ ಶಕ್ತಿ ಉಕ್ಕಿಸುತ್ತದೆ. ಆದರೆ ಕಂಪನ ಗದ್ದಲದಿಂದ ಹುಟ್ಟುವುದರಿಂದ ಪ್ರತಿ ಸಲ ಚಾಲೂ ಮಾಡಿದಾಗಲೂ ಫೇಸ್ ಬೇರೆ. ಆವೃತ್ತಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಅದನ್ನು ಅಲುಗಿಸುವ ಕಾರಣಗಳು ಮುಖ್ಯವಾಗಿ ಮೂರು.

ಆನೋಡಿನ ಕರೆಂಟ್ ಬದಲಾದರೆ ಎಲೆಕ್ಟ್ರಾನ್ ಅರಗಳು ಅಲೆಗಿಂತ ಹಿಂದೆ ಮುಂದೆ ಸರಿಯುತ್ತವೆ, ಆವೃತ್ತಿ ಸ್ವಲ್ಪ ಜರುಗುತ್ತದೆ. ಎಂಜಿನಿಯರುಗಳು ಇದನ್ನು ‘ಪುಶಿಂಗ್’ ಎನ್ನುತ್ತಾರೆ. ಶಕ್ತಿ ಸೇರುವ ಕಡೆಯಿಂದ ಅಲೆಯ ಒಂದಂಶ ಪ್ರತಿಫಲಿಸಿ ಹಿಂದೆ ಬಂದರೂ ಅದು ಆವೃತ್ತಿಯನ್ನು ಎಳೆದಾಡುತ್ತದೆ. ಇದು ‘ಪುಲಿಂಗ್’. ಮೂರನೆಯದು ಶಾಖ. ಕಾದ ಆನೋಡ್ ಹಿಗ್ಗಿದರೆ ಕುಹರಗಳ ಅಳತೆ ಬದಲಾಗುತ್ತದೆ, ಆವೃತ್ತಿ ಇಳಿಯುತ್ತದೆ. ಇವುಗಳ ಜೊತೆಗೆ ಕ್ಯಾಥೋಡಿಗೆ ಬಡಿಯುವ ಎಲೆಕ್ಟ್ರಾನುಗಳ ಗದ್ದಲವೂ ಸೇರುತ್ತದೆ. ಒಲೆಯ ಮ್ಯಾಗ್ನೆಟ್ರಾನಿಗೆ ಮನೆಯ 50 ಹರ್ಟ್ಸ್ ವಿದ್ಯುತ್ತಿನಿಂದ ಅರೆಬರೆ ಸಪಾಟು ಮಾಡಿದ ವೋಲ್ಟೇಜ್ ಸಿಗುವುದರಿಂದ ಅದರ ಆವೃತ್ತಿ ಪ್ರತಿ ಆವರ್ತದಲ್ಲೂ ಹಲವು ಮೆಗಾಹರ್ಟ್ಸ್ ಅಗಲದಲ್ಲಿ ಅಲೆದಾಡುತ್ತದೆ. ಅನ್ನ ಬಿಸಿಯಾಗಲು ಇದರಿಂದ ತೊಂದರೆಯಿಲ್ಲ. ಕಣಗಳನ್ನು ಓಡಿಸಲು ಇದು ನಡೆಯುವುದಿಲ್ಲ.

ಮೊದಲ ಲಗಾಮು: ಆವೃತ್ತಿ

ಹೀಗಿದ್ದರೂ ವೇಗೋತ್ಕರ್ಷಕಕ್ಕೆ ಮ್ಯಾಗ್ನೆಟ್ರಾನ್ ಹೊಸಬನಲ್ಲ. ಯುದ್ಧ ಮುಗಿದ ಮೇಲೆ ರೇಡಾರಿಗೆಂದು ತಯಾರಾದ ಕೊಳವೆಗಳು ಕೈಯಲ್ಲಿದ್ದವು. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಡಿ. ಡಬ್ಲ್ಯು. ಫ್ರೈ ಅವರ ತಂಡ 1946ರಲ್ಲಿ ಮ್ಯಾಗ್ನೆಟ್ರಾನಿನ ಶಕ್ತಿಯಿಂದ ಎಲೆಕ್ಟ್ರಾನುಗಳನ್ನು ನೇರ ಕೊಳವೆಯಲ್ಲಿ ಓಡಿಸಿ ತೋರಿಸಿತು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇಂಥದೇ ಯಂತ್ರದಿಂದ ಕ್ಯಾನ್ಸರ್ ಚಿಕಿತ್ಸೆ ಆರಂಭವಾಯಿತು. ಮೆಟ್ರೋಪಾಲಿಟನ್-ವಿಕರ್ಸ್ ಕಂಪನಿ ಕಟ್ಟಿದ್ದ ಆ 8 ದಶಲಕ್ಷ ವೋಲ್ಟಿನ ಯಂತ್ರಕ್ಕೆ 2 ಮೆಗಾವಾಟ್ ಮ್ಯಾಗ್ನೆಟ್ರಾನ್ ಶಕ್ತಿ ಕೊಡುತ್ತಿತ್ತು. ಇಂದು ಆಸ್ಪತ್ರೆಗಳ ರೇಡಿಯೋಥೆರಪಿ ವಿಭಾಗದಲ್ಲಿ ‘ಲಿನ್ಯಾಕ್’ ಎಂದು ಕರೆಯುವ ಯಂತ್ರಗಳಲ್ಲಿ, ಬಂದರುಗಳಲ್ಲಿ ಕಂಟೇನರುಗಳ ಒಳಹೊಕ್ಕು ನೋಡುವ ಎಕ್ಸ್-ರೇ ಯಂತ್ರಗಳಲ್ಲಿ ಮ್ಯಾಗ್ನೆಟ್ರಾನ್ ಸಾಮಾನ್ಯ. ಭಾರತದಲ್ಲಿ ಮುಂಬೈನ ಸಮೀರ್ ಸಂಸ್ಥೆ ಚಿಕಿತ್ಸಾ ಲಿನ್ಯಾಕ್‌ಗಳನ್ನು ರೂಪಿಸಿದೆ. ಪಿಲಾನಿಯ ಸೀರಿ ಪ್ರಯೋಗಾಲಯ ಅಂಥ ಯಂತ್ರಗಳಿಗೆ ಬೇಕಾದ ಮ್ಯಾಗ್ನೆಟ್ರಾನಿನ ಮೇಲೆ ಕೆಲಸ ಮಾಡಿದೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ರೇಡಾರ್ ಮ್ಯಾಗ್ನೆಟ್ರಾನುಗಳನ್ನು ತಯಾರಿಸುತ್ತ ಬಂದಿದೆ.

ಚಿಕಿತ್ಸಾ ಯಂತ್ರದಲ್ಲಿ ಮ್ಯಾಗ್ನೆಟ್ರಾನ್ ಬಿಡುವಿಲ್ಲದೆ ಉರಿಯುವುದಿಲ್ಲ. ಸುಮಾರು 4 ಮೈಕ್ರೋಸೆಕೆಂಡ್ ಉದ್ದದ ಸ್ಪಂದನಗಳು ಸೆಕೆಂಡಿಗೆ ಇನ್ನೂರು ಮುನ್ನೂರು ಬರುತ್ತವೆ. ಪ್ರತಿ ಸ್ಪಂದನದಲ್ಲೂ ಕೊಳವೆಗೆ 40 ಕಿಲೋವೋಲ್ಟ್ ಆಸುಪಾಸಿನ ವೋಲ್ಟೇಜ್, ನೂರು ಆಂಪಿಯರ್ ಮಟ್ಟದ ಕರೆಂಟ್. ಹೊರಬರುವ ಶಕ್ತಿ 2ರಿಂದ 3 ಮೆಗಾವಾಟ್. ಸ್ಪಂದನಗಳ ನಡುವಿನ ಬಿಡುವನ್ನೂ ಲೆಕ್ಕಕ್ಕೆ ತಂದರೆ ಸರಾಸರಿ ಕೆಲವೇ ಕಿಲೋವಾಟ್.

ಇಲ್ಲಿ ಒಂದೇ ಮ್ಯಾಗ್ನೆಟ್ರಾನ್, ಒಂದೇ ವೇಗೋತ್ಕರ್ಷಕ ಕೊಳವೆ. ಎಲ್ಲ ಕುಹರಗಳೂ ಒಂದಕ್ಕೊಂದು ಜೋಡಿಕೊಂಡಿರುವುದರಿಂದ ಅವುಗಳ ನಡುವಿನ ಫೇಸ್ ಸಂಬಂಧ ತಾಮ್ರದ ಅಳತೆಯಲ್ಲೇ ಅಚ್ಚಾಗಿದೆ. ಅಲೆ ಯಾವ ಫೇಸಿನಲ್ಲಿ ಶುರುವಾದರೂ ಎಲೆಕ್ಟ್ರಾನುಗಳು ಅದಕ್ಕೆ ತಕ್ಕಂತೆ ಗೊಂಚಲಾಗಿ ಸಾಗುತ್ತವೆ. ಆದ್ದರಿಂದ ಹಿಡಿತ ಬೇಕಾದದ್ದು ಆವೃತ್ತಿಯ ಮೇಲೆ ಮಾತ್ರ. ಅದೂ ಸುಲಭದ ಮಾತಲ್ಲ. ತಾಮ್ರ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ದಶಲಕ್ಷದಲ್ಲಿ 17 ಪಾಲಿನಷ್ಟು ಹಿಗ್ಗುತ್ತದೆ. 3,000 ಮೆಗಾಹರ್ಟ್ಸ್ ಕುಹರದಲ್ಲಿ ಇದರಿಂದ ಆವೃತ್ತಿ ಸುಮಾರು 50 ಕಿಲೋಹರ್ಟ್ಸ್ ಇಳಿಯುತ್ತದೆ. ಕುಹರ ಸ್ವೀಕರಿಸುವ ಆವೃತ್ತಿಯ ಪಟ್ಟಿಯೇ ಕೆಲವು ನೂರು ಕಿಲೋಹರ್ಟ್ಸ್ ಅಗಲ. ಬೆಳಿಗ್ಗೆ ಯಂತ್ರ ಚಾಲೂ ಮಾಡಿ ತಾಮ್ರ ಬಿಸಿಯೇರುತ್ತಿದ್ದಂತೆ ಕೊಳವೆ, ಮ್ಯಾಗ್ನೆಟ್ರಾನ್ ಎರಡೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ.

ಇದಕ್ಕೆ ಪರಿಹಾರ ಸ್ವಯಂಚಾಲಿತ ಆವೃತ್ತಿ ನಿಯಂತ್ರಣ. ವೇವ್‌ಗೈಡ್ ಎಂಬ ಆಯತಾಕಾರದ ಲೋಹದ ನಾಳದಲ್ಲಿ ಮುಂದೆ ಹೋಗುವ ಅಲೆಯಿಂದಲೂ ಪ್ರತಿಫಲಿಸಿ ಬರುವ ಅಲೆಯಿಂದಲೂ ಚೂರುಪಾರು ಶಕ್ತಿಯನ್ನು ಬಸಿದು ಎರಡರ ಫೇಸನ್ನು ಹೋಲಿಸುತ್ತಾರೆ. ಆವೃತ್ತಿ ಸರಿಯಾಗಿದ್ದರೆ ವ್ಯತ್ಯಾಸದ ಸಂಕೇತ ಸೊನ್ನೆ. ಮೇಲಕ್ಕೆ ಜಾರಿದರೆ ಒಂದು ಚಿಹ್ನೆ, ಕೆಳಕ್ಕೆ ಜಾರಿದರೆ ಇನ್ನೊಂದು. ಆ ಸಂಕೇತ ಸಣ್ಣ ಮೋಟಾರನ್ನು ತಿರುಗಿಸುತ್ತದೆ. ಮೋಟಾರ್ ಮ್ಯಾಗ್ನೆಟ್ರಾನಿನ ಕುಹರದೊಳಗಿರುವ ಲೋಹದ ತುಂಡನ್ನು ಕೂದಲೆಳೆಯಷ್ಟು ಒಳಗೋ ಹೊರಗೋ ಸರಿಸುತ್ತದೆ, ಆವೃತ್ತಿ ಮತ್ತೆ ವೇಗೋತ್ಕರ್ಷಕದ ಕುಹರಕ್ಕೆ ಹೊಂದುತ್ತದೆ. ಚಿಕಿತ್ಸೆ ನಡೆಯುವಷ್ಟು ಹೊತ್ತೂ ಈ ತಿದ್ದುಪಡಿ ನಡೆದೇ ಇರುತ್ತದೆ.

ಎರಡನೆಯ ಲಗಾಮು: ಫೇಸ್

ಕುಹರಗಳು ಹಲವಾಗಿ, ಒಂದೊಂದಕ್ಕೂ ಬೇರೆ ಬೇರೆ ಶಕ್ತಿಮೂಲ ಬಂದ ಕೂಡಲೇ ಆವೃತ್ತಿ ಹೊಂದಿದರಷ್ಟೇ ಸಾಲದು. ಡೊಳ್ಳು ಕುಣಿತದಲ್ಲಿ ಒಬ್ಬೊಬ್ಬರ ಹೊಡೆತ ಎಷ್ಟೇ ಗಟ್ಟಿಯಾಗಿದ್ದರೂ ಎಲ್ಲರ ಪೆಟ್ಟು ಒಂದೇ ಗತ್ತಿಗೆ ಬೀಳದಿದ್ದರೆ ಮೇಳವಾಗುವುದಿಲ್ಲ. ಇಲ್ಲೂ ಅಷ್ಟೇ. ಒಂದು ಕುಹರ ಕಣವನ್ನು ತಳ್ಳುವಾಗ ಮುಂದಿನದು ತಡೆದರೆ ಗಳಿಸಿದ್ದೆಲ್ಲ ಹೋಯಿತು.

ಸ್ವತಂತ್ರವಾಗಿ ಕಂಪಿಸುವ ವಸ್ತುಗಳನ್ನು ಒಂದೇ ಲಯಕ್ಕೆ ತರಬಹುದೆಂಬ ಸಂಗತಿ ಹಳೆಯದು. 1665ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಒಂದೇ ಆಧಾರಕ್ಕೆ ತೂಗುಹಾಕಿದ ಎರಡು ಲೋಲಕ ಗಡಿಯಾರಗಳು ತಾವಾಗಿ ಹೊಂದಿಕೊಳ್ಳುವುದನ್ನು ಗುರುತಿಸಿದ್ದರು. ಆಸಿಲೇಟರುಗಳಲ್ಲಿ ಇದು ನಡೆಯುವ ರೀತಿಗೆ 1946ರಲ್ಲಿ ರಾಬರ್ಟ್ ಆಡ್ಲರ್ ಸೂತ್ರ ಕೊಟ್ಟರು. ಆಸಿಲೇಟರಿನ ಸಹಜ ಆವೃತ್ತಿಗೆ ಹತ್ತಿರವಿರುವ ಶುದ್ಧ ಸಂಕೇತವೊಂದನ್ನು ಹೊರಗಿನಿಂದ ಅದರೊಳಗೆ ಸೇರಿಸಿದರೆ, ಆಸಿಲೇಟರ್ ತನ್ನ ಆವೃತ್ತಿ ಬಿಟ್ಟು ಸಂಕೇತದ ಆವೃತ್ತಿಯನ್ನೇ ಹಿಡಿಯುತ್ತದೆ. ಇದೇ ಇಂಜೆಕ್ಷನ್ ಲಾಕಿಂಗ್.

ಸಂಕೇತವನ್ನು ಒಳಗೆ ಕಳಿಸುವುದು ಮ್ಯಾಗ್ನೆಟ್ರಾನಿನಿಂದ ಶಕ್ತಿ ಹೊರಬರುವ ಬಾಗಿಲಿನಿಂದಲೇ. ಎರಡನ್ನೂ ಬೇರೆ ಮಾಡಲು ನಡುವೆ ಸರ್ಕ್ಯುಲೇಟರ್ ಎಂಬ ಮೂರು ಬಾಯಿಯ ಸಾಧನ ಇಡುತ್ತಾರೆ. ಅದರಲ್ಲಿರುವ ಫೆರೈಟ್ ಕಾಂತದ ಕಾರಣ ಅಲೆ ಒಂದೇ ದಿಕ್ಕಿಗೆ ತಿರುಗುತ್ತದೆ. ಮೊದಲ ಬಾಯಿಯಲ್ಲಿ ಹೊಕ್ಕ ಸಂಕೇತ ಎರಡನೆಯ ಬಾಯಲ್ಲಿರುವ ಮ್ಯಾಗ್ನೆಟ್ರಾನಿಗೆ ಹೋಗುತ್ತದೆ. ಮ್ಯಾಗ್ನೆಟ್ರಾನಿನ ಶಕ್ತಿ ಮೂರನೆಯ ಬಾಯಿಂದ ಕುಹರದತ್ತ ಹೊರಡುತ್ತದೆ. ಕುಹರ ವಾಪಸು ಕಳಿಸುವ ಅಲೆ ಮ್ಯಾಗ್ನೆಟ್ರಾನಿಗೆ ತಾಗದಂತೆ ಇನ್ನೊಂದು ಸರ್ಕ್ಯುಲೇಟರ್ ಅದನ್ನು ಶಕ್ತಿ ಹೀರಿಕೊಳ್ಳುವ, ನೀರಿನಿಂದ ತಂಪಾಗುವ ಲೋಡಿಗೆ ತಿರುಗಿಸುತ್ತದೆ. ಪುಲಿಂಗ್ ಕಾಟ ಅಲ್ಲಿಗೆ ಮುಗಿಯುತ್ತದೆ.

ಎಷ್ಟು ಸಂಕೇತ ಬೇಕು? ಮ್ಯಾಗ್ನೆಟ್ರಾನಿನ ಆವೃತ್ತಿಯನ್ನು ಅದರ ಬಾಹ್ಯ ಗುಣಾಂಕದಿಂದ, ಅಂದರೆ ‘ಕ್ಯೂ’ ಸಂಖ್ಯೆಯಿಂದ ಭಾಗಿಸಿ, ಸಂಕೇತದ ಶಕ್ತಿಗೂ ಹೊರಬರುವ ಶಕ್ತಿಗೂ ಇರುವ ಅನುಪಾತದ ವರ್ಗಮೂಲದಿಂದ ಗುಣಿಸಿದರೆ, ಸಹಜ ಆವೃತ್ತಿಯ ಆಚೀಚೆ ಎಷ್ಟು ದೂರದವರೆಗೆ ಹಿಡಿತ ಸಿಗುತ್ತದೆ ಎಂಬ ಅಂದಾಜು ಬರುತ್ತದೆ. 2,450 ಮೆಗಾಹರ್ಟ್ಸ್‌ನ, 1 ಕಿಲೋವಾಟ್‌ನ ಮ್ಯಾಗ್ನೆಟ್ರಾನಿನ ಕ್ಯೂ 200 ಎಂದಿಟ್ಟುಕೊಳ್ಳೋಣ. 10 ವಾಟ್ ಸಂಕೇತ ಸೇರಿಸಿದರೆ ಅನುಪಾತ ನೂರರಲ್ಲಿ ಒಂದು, ವರ್ಗಮೂಲ ಹತ್ತರಲ್ಲಿ ಒಂದು. ಹಿಡಿತ ಆಚೆ ಈಚೆ ಸುಮಾರು 1.2 ಮೆಗಾಹರ್ಟ್ಸ್. ಸಂಕೇತವನ್ನು 1 ವಾಟ್‌ಗೆ ಇಳಿಸಿದರೆ ಅದು 0.4 ಮೆಗಾಹರ್ಟ್ಸ್‌ಗೆ ಕುಗ್ಗುತ್ತದೆ. ಸಹಜ ಆವೃತ್ತಿ ಆ ಗಡಿ ದಾಟಿ ಜಾರಿದರೆ ಲಾಕ್ ಬಿಟ್ಟುಹೋಗುತ್ತದೆ.

ಗಡಿಯೊಳಗಿದ್ದರೂ ಚಿಂತೆ ಪೂರ್ತಿ ತಪ್ಪಿದ್ದಲ್ಲ. ಸಹಜ ಆವೃತ್ತಿಗೂ ಸಂಕೇತದ ಆವೃತ್ತಿಗೂ ಅಂತರವಿದ್ದಷ್ಟೂ ಹೊರಬರುವ ಅಲೆಯ ಫೇಸ್ ಸಂಕೇತಕ್ಕಿಂತ ಸರಿದಿರುತ್ತದೆ. ಅಂತರ ಗಡಿಯ ಅರ್ಧದಷ್ಟಾದರೆ ಫೇಸ್ 30 ಡಿಗ್ರಿ ಸರಿಯುತ್ತದೆ, ಗಡಿಯಂಚಿನಲ್ಲಿ 90 ಡಿಗ್ರಿ. ವಿದ್ಯುತ್ ಪೂರೈಕೆಯಲ್ಲಿ ಸಣ್ಣ ಏರಿಳಿತವಿದ್ದರೂ ಅದು ಪುಶಿಂಗ್ ಮೂಲಕ ಸಹಜ ಆವೃತ್ತಿಯನ್ನು ಅಲುಗಿಸಿ, ಕೊನೆಗೆ ಫೇಸಿನ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಲಾಕಿಂಗ್ ಸುತ್ತ ಫೀಡ್‌ಬ್ಯಾಕ್ ವ್ಯವಸ್ಥೆ ಕಟ್ಟಬೇಕಾಗುತ್ತದೆ. ಕುಹರದೊಳಗಿನ ಫೇಸನ್ನು ಅಳೆದು, ತಪ್ಪಿದಷ್ಟನ್ನು ಸಂಕೇತದ ಫೇಸಿನಲ್ಲೇ ಎದುರು ದಿಕ್ಕಿಗೆ ತಿದ್ದುತ್ತಾರೆ. ಮ್ಯಾಗ್ನೆಟ್ರಾನ್ ಈ ತಿದ್ದುಪಡಿಯನ್ನು ಮೈಕ್ರೋಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಅನುಸರಿಸಬಲ್ಲದು. ಇದು ಚುರುಕಾದ ಸುತ್ತು. ಶಾಖದಿಂದಾಗುವ ನಿಧಾನದ ಜಾರುವಿಕೆಗೆ ಇನ್ನೊಂದು ಸುತ್ತು ಇದೆ. ಅದು ಆನೋಡ್ ಕರೆಂಟನ್ನು ಏರಿಳಿಸಿ ಸಹಜ ಆವೃತ್ತಿಯನ್ನು ಸಂಕೇತದ ಹತ್ತಿರಕ್ಕೆ ತರುತ್ತದೆ. ತೊಂದರೆ ಎನಿಸಿದ್ದ ಪುಶಿಂಗನ್ನೇ ಇಲ್ಲಿ ಕೆಲಸಕ್ಕೆ ಹಚ್ಚಿಕೊಂಡಂತಾಯಿತು.

ಗದ್ದಲವನ್ನು ಅದು ಹುಟ್ಟುವಲ್ಲೇ ತಗ್ಗಿಸಲೂ ಬರುತ್ತದೆ. ಮ್ಯಾಗ್ನೆಟ್ರಾನ್ ಒಮ್ಮೆ ಚಾಲೂ ಆದ ಮೇಲೆ ಹಿಂದಿರುಗಿ ಬಡಿಯುವ ಎಲೆಕ್ಟ್ರಾನುಗಳೇ ಕ್ಯಾಥೋಡನ್ನು ಕಾಯಿಸುತ್ತವೆ. ಆಗ ಕ್ಯಾಥೋಡನ್ನು ಕಾಯಿಸಲೆಂದಿರುವ ಫಿಲಮೆಂಟಿನ ಬಿಸಿಯನ್ನು ಇಳಿಸಿದರೆ ಅನಗತ್ಯ ಎಲೆಕ್ಟ್ರಾನುಗಳು ಕಡಿಮೆಯಾಗಿ ಅಲೆ ಶುದ್ಧವಾಗುತ್ತದೆ. ಸಪಾಟಾದ ನೇರ ವೋಲ್ಟೇಜ್ ಕೊಟ್ಟು, ಫಿಲಮೆಂಟ್ ತಗ್ಗಿಸಿ, ಲಾಕ್ ಮಾಡಿದರೆ ಒಲೆಯ ಮ್ಯಾಗ್ನೆಟ್ರಾನ್ ಕೂಡ ಪ್ರಯೋಗಾಲಯಕ್ಕೆ ಒಪ್ಪುವ ಮೂಲವಾಗುತ್ತದೆ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡ 2000ದ ದಶಕದಲ್ಲಿ ಇದನ್ನು ಮಾಡಿ ತೋರಿಸಿತು.

ಮೂರನೆಯ ಲಗಾಮು: ಅಲೆಯ ಎತ್ತರ

ಅತಿವಾಹಕ ಕುಹರಗಳು ಬಂದ ಮೇಲೆ ಮೂರನೆಯ ಅಗತ್ಯ ಎದುರಾಯಿತು. ನಿಯೋಬಿಯಂ ಲೋಹದ ಈ ಕುಹರಗಳನ್ನು ದ್ರವ ಹೀಲಿಯಮ್ಮಿನಲ್ಲಿ 2 ಕೆಲ್ವಿನ್ ಆಸುಪಾಸಿಗೆ ತಣಿಸುತ್ತಾರೆ. ಗೋಡೆಯಲ್ಲಿ ಶಕ್ತಿ ವ್ಯರ್ಥವಾಗುವುದು ಅತ್ಯಲ್ಪ. ಅಷ್ಟೇ ಪ್ರಮಾಣದಲ್ಲಿ ಅವು ಸ್ವೀಕರಿಸುವ ಆವೃತ್ತಿಯ ಪಟ್ಟಿಯೂ ಕಿರಿದು. ಅಮೆರಿಕದ ವರ್ಜೀನಿಯಾದಲ್ಲಿರುವ ಜೆಫರ್ಸನ್ ಲ್ಯಾಬ್‌ನ ಯಂತ್ರ 1,497 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಅದರ ಹೊಸ ಕುಹರಗಳ ಪಟ್ಟಿಯ ಅಗಲ 50 ಹರ್ಟ್ಸ್ ಮಟ್ಟದ್ದು. ಹತ್ತಿರದ ಪಂಪಿನ ನಡುಕ, ಹೀಲಿಯಂ ಒತ್ತಡದ ಸಣ್ಣ ಏರಿಳಿತ ಸಾಕು, ಕೆಲವೇ ಮಿಲಿಮೀಟರ್ ದಪ್ಪದ ಗೋಡೆ ಅಲುಗಿ ಕುಹರದ ಆವೃತ್ತಿ ಹಲವು ಹರ್ಟ್ಸ್ ಸರಿಯುತ್ತದೆ. ಅದರ ಜೊತೆಗೆ ಕಣದೂಲವೂ ಶಕ್ತಿಯನ್ನು ಸೆಳೆದುಕೊಳ್ಳುತ್ತದೆ. ಇವೆರಡನ್ನೂ ಸರಿದೂಗಿಸಲು ಶಕ್ತಿಯ ಪ್ರಮಾಣವನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತಿರಬೇಕು.

ಮ್ಯಾಗ್ನೆಟ್ರಾನಿಗೆ ಇದೇ ಕಷ್ಟದ ಕೆಲಸ. ಸೇರಿಸುವ ಸಂಕೇತವನ್ನು ಹೆಚ್ಚು ಕಡಿಮೆ ಮಾಡಿದರೂ ಹೊರಬರುವ ಶಕ್ತಿ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಅದನ್ನು ತೀರ್ಮಾನಿಸುವುದು ಆನೋಡ್ ಕರೆಂಟ್. ಕರೆಂಟನ್ನೇ ಬದಲಾಯಿಸಬಹುದು, ಆದರೆ ದೊಡ್ಡ ವೋಲ್ಟೇಜಿನ ಪೂರೈಕೆಯನ್ನು ಬೇಕಾದಷ್ಟು ವೇಗವಾಗಿ ಕುಣಿಸುವುದು ಸುಲಭವಲ್ಲ. ಕರೆಂಟ್ ತೀರಾ ಇಳಿದರೆ ಕಂಪನವೇ ನಿಂತುಹೋಗುತ್ತದೆ. ಈ ತೊಡಕಿಗೆ ಸಂಶೋಧಕರು ಮೂರು ದಾರಿ ಹಿಡಿದಿದ್ದಾರೆ.

ಮೊದಲ ದಾರಿಯಲ್ಲಿ ಎರಡು ಮ್ಯಾಗ್ನೆಟ್ರಾನುಗಳು. ಎರಡನ್ನೂ ಒಂದೇ ಮೂಲ ಸಂಕೇತಕ್ಕೆ ಲಾಕ್ ಮಾಡಿ, ಹೊರಬರುವ ಶಕ್ತಿಯನ್ನು ಹೈಬ್ರಿಡ್ ಎಂಬ ಕೂಡುದಾರಿಯಲ್ಲಿ ಸೇರಿಸುತ್ತಾರೆ. ಎರಡರ ಫೇಸ್ ಹೊಂದಿದ್ದರೆ ಪೂರ್ತಿ ಶಕ್ತಿ ಕುಹರಕ್ಕೆ ಹೋಗುತ್ತದೆ. ಒಂದನ್ನು ಹಿಂದಕ್ಕೂ ಇನ್ನೊಂದನ್ನು ಮುಂದಕ್ಕೂ ಸಮನಾಗಿ ಸರಿಸಿದರೆ ಕುಹರದ ಪಾಲು ಇಳಿದು, ಉಳಿದದ್ದು ಲೋಡಿನಲ್ಲಿ ಶಾಖವಾಗುತ್ತದೆ. ಆಚೀಚೆ 45 ಡಿಗ್ರಿ ಸರಿಸಿದರೆ ಕುಹರಕ್ಕೆ ಅರ್ಧ, ಲೋಡಿಗೆ ಅರ್ಧ. ಎರಡನ್ನೂ ಒಟ್ಟಿಗೆ ಒಂದೇ ಕಡೆಗೆ ಸರಿಸಿದರೆ ಎತ್ತರ ಬದಲಾಗದೆ ಫೇಸ್ ಮಾತ್ರ ಬದಲಾಗುತ್ತದೆ. ಹೀಗೆ ಎರಡೂ ಗುಣಗಳು ಕೈಗೆ ಸಿಗುತ್ತವೆ.

ಎರಡನೆಯ ದಾರಿಗೆ ಒಂದೇ ಮ್ಯಾಗ್ನೆಟ್ರಾನ್ ಸಾಕು. ಅಮೆರಿಕದ ಫರ್ಮಿಲ್ಯಾಬ್‌ನ ಎಂಜಿನಿಯರುಗಳು ಇದನ್ನು ಬೆಳೆಸಿದರು. ಲಾಕ್ ಮಾಡುವ ಸಂಕೇತದ ಫೇಸನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಿಂದೆ ಮುಂದೆ ತೂಗಿಸುತ್ತಾರೆ. ಮ್ಯಾಗ್ನೆಟ್ರಾನ್ ಅದನ್ನೇ ಅನುಸರಿಸುತ್ತದೆ. ಒಟ್ಟು ಶಕ್ತಿ ಬದಲಾಗುವುದಿಲ್ಲ, ಆದರೆ ಅದು ಹಂಚಿಹೋಗುತ್ತದೆ: ಒಂದಂಶ ಮೂಲ ಆವೃತ್ತಿಯಲ್ಲಿ ಉಳಿದರೆ, ಉಳಿದದ್ದು ಆಚೀಚೆ ಲಕ್ಷಾಂತರ ಹರ್ಟ್ಸ್ ದೂರದ ಪಕ್ಕದ ಆವೃತ್ತಿಗಳಿಗೆ ಸರಿಯುತ್ತದೆ. ಅತಿವಾಹಕ ಕುಹರದ ಪಟ್ಟಿ ಬಲು ಕಿರಿದಾದ್ದರಿಂದ ಪಕ್ಕದ ಆವೃತ್ತಿಗಳಿಗೆ ಒಳಗೆ ಪ್ರವೇಶವಿಲ್ಲ. ಅವು ಪ್ರತಿಫಲಿಸಿ ಸರ್ಕ್ಯುಲೇಟರ್ ಮೂಲಕ ಲೋಡಿಗೆ ಹೋಗುತ್ತವೆ. ತೂಗಾಟದ ವ್ಯಾಪ್ತಿ 1 ರೇಡಿಯನ್ ಆದರೆ ಮೂಲ ಆವೃತ್ತಿಯಲ್ಲಿ ಉಳಿಯುವುದು ಶೇಕಡಾ 58ರಷ್ಟು ಶಕ್ತಿ. 2.4 ರೇಡಿಯನ್‌ಗೆ ಏರಿಸಿದರೆ ಬಹುತೇಕ ಏನೂ ಉಳಿಯುವುದಿಲ್ಲ. ಕುಹರದ ಕಿರಿದಾದ ಪಟ್ಟಿಯೇ ಇಲ್ಲಿ ಸೋಸುವ ಜರಡಿ.

ಈ ಎರಡು ದಾರಿಗಳಲ್ಲೂ ಮ್ಯಾಗ್ನೆಟ್ರಾನ್ ಸದಾ ಪೂರ್ತಿ ಶಕ್ತಿಯಲ್ಲಿ ಓಡುತ್ತದೆ. ಕುಹರಕ್ಕೆ ಬೇಡವಾದದ್ದು ಲೋಡಿನಲ್ಲಿ ವ್ಯರ್ಥವಾಗುತ್ತದೆ. ಮೂರನೆಯ ದಾರಿ ಈ ನಷ್ಟ ತಪ್ಪಿಸುವ ಪ್ರಯತ್ನ. ಲಾಕ್ ಮಾಡುವ ಸಂಕೇತವನ್ನು ಹೊರಬರುವ ಶಕ್ತಿಯ ಹತ್ತನೇ ಒಂದರಷ್ಟು ದೊಡ್ಡದಾಗಿ ಕೊಟ್ಟರೆ, ಮ್ಯಾಗ್ನೆಟ್ರಾನ್ ತಾನೇ ಕಂಪಿಸಲಾರದಷ್ಟು ಕಡಿಮೆ ವೋಲ್ಟೇಜಿನಲ್ಲೂ ಸಂಕೇತದ ಆಸರೆಯಿಂದ ನಡೆಯುತ್ತದೆ. ಆಗ ಕರೆಂಟನ್ನು ಹೆಚ್ಚಿನ ವ್ಯಾಪ್ತಿಯಲ್ಲಿ ಬದಲಿಸಿ, ದಕ್ಷತೆ ಕೆಡದಂತೆ ಶಕ್ತಿಯನ್ನು ಇಳಿಸಬಹುದು. ಅಮೆರಿಕದ ಮ್ಯುವಾನ್ಸ್ ಇನ್‌ಕಾರ್ಪೊರೇಟೆಡ್ ಸಂಸ್ಥೆಯ ಸಂಶೋಧಕರು ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದಾರೆ. ಸಂಕೇತಕ್ಕೇ ದೊಡ್ಡ ಆಂಪ್ಲಿಫೈಯರ್ ಬೇಕಾಗುವುದು ಇದರ ಕೊರತೆ. ಒಂದು ಚಿಕ್ಕ ಮ್ಯಾಗ್ನೆಟ್ರಾನನ್ನು ಲಾಕ್ ಮಾಡಿ, ಅದರಿಂದ ದೊಡ್ಡದನ್ನು ಲಾಕ್ ಮಾಡುವ ಎರಡು ಹಂತದ ಜೋಡಣೆ ಇದಕ್ಕೊಂದು ಉಪಾಯ.

ಪರೀಕ್ಷೆಯಲ್ಲಿ ಕಂಡದ್ದು

ಲಾಕ್ ಮಾಡಿದ ಮ್ಯಾಗ್ನೆಟ್ರಾನಿನಿಂದ ಅತಿವಾಹಕ ಕುಹರವನ್ನು ನಡೆಸಿದ ಮೊದಲ ಪ್ರಯೋಗದ ವರದಿ 2011ರಲ್ಲಿ ಪ್ರಕಟವಾಯಿತು. ಲ್ಯಾಂಕಾಸ್ಟರ್ ತಂಡವೂ ಜೆಫರ್ಸನ್ ಲ್ಯಾಬ್‌ನ ವಿಜ್ಞಾನಿಗಳೂ ಸೇರಿ 2.45 ಗಿಗಾಹರ್ಟ್ಸ್‌ನ ಒಂಟಿ ಕುಹರವನ್ನು ನಡೆಸಿದ್ದರು. ಫೇಸಿನ ನಡುಕ ಸರಾಸರಿ 0.95 ಡಿಗ್ರಿಗೆ ಇಳಿಯಿತು. 2015ರಲ್ಲಿ ಫರ್ಮಿಲ್ಯಾಬ್ ತಂಡ ಫೇಸ್ ತೂಗಿಸುವ ವಿಧಾನದಿಂದ ಅದೇ ಆವೃತ್ತಿಯಲ್ಲಿ ಇನ್ನೂ ಮುಂದೆ ಹೋಯಿತು. ಫೇಸಿನ ನಡುಕ 0.26 ಡಿಗ್ರಿ, ಎತ್ತರದ ಏರಿಳಿತ ಶೇಕಡಾ 0.3. ಕುಹರಕ್ಕೆ ಹೋಗುವ ಶಕ್ತಿಯನ್ನು ಸಾವಿರದಲ್ಲಿ ಒಂದು ಪಾಲಿನವರೆಗೆ ಇಳಿಸುವ ವ್ಯಾಪ್ತಿಯೂ ಸಿಕ್ಕಿತು. ಹಲವು ಪ್ರೋಟಾನ್ ಯಂತ್ರಗಳು ಕೇಳುವ ನಿಖರತೆ ಇದೇ ಮಟ್ಟದ್ದು.

ಲಾಭ ನಷ್ಟದ ಲೆಕ್ಕ

ಇಷ್ಟೆಲ್ಲ ಪಾಡು ಪಡುವುದಕ್ಕೆ ಕಾರಣ ವಿದ್ಯುತ್ ಬಿಲ್ಲು. ಬಿಡದೆ ನಡೆಯುವ ಯಂತ್ರವೊಂದಕ್ಕೆ 10 ಮೆಗಾವಾಟ್ ರೇಡಿಯೋ ಶಕ್ತಿ ಬೇಕು ಎಂದುಕೊಳ್ಳೋಣ. ದಕ್ಷತೆ ಶೇಕಡಾ 55 ಇದ್ದರೆ 18.2 ಮೆಗಾವಾಟ್ ವಿದ್ಯುತ್ ಬೇಕು. ಶೇಕಡಾ 85 ಇದ್ದರೆ 11.8 ಮೆಗಾವಾಟ್ ಸಾಕು. ವರ್ಷಕ್ಕೆ 6,000 ಗಂಟೆ ನಡೆಸಿದರೆ ಉಳಿತಾಯ 3.8 ಕೋಟಿ ಯುನಿಟ್ ದಾಟುತ್ತದೆ. ಯುರೇನಿಯಂ, ಥೋರಿಯಂ ಇಂಧನದ ರಿಯಾಕ್ಟರನ್ನು ಪ್ರೋಟಾನ್ ದೂಲದಿಂದ ನಡೆಸುವ, ಕೊಳಚೆ ನೀರನ್ನು ಎಲೆಕ್ಟ್ರಾನ್ ದೂಲದಿಂದ ಶುದ್ಧಿ ಮಾಡುವ ಯೋಜನೆಗಳಲ್ಲಿ ದಕ್ಷತೆಯೇ ಲಾಭ ನಷ್ಟವನ್ನು ತೀರ್ಮಾನಿಸುತ್ತದೆ. ಕೊಳವೆಯ ಬೆಲೆಯೂ ಕ್ಲೈಸ್ಟ್ರಾನಿಗಿಂತ ಬಹಳ ಕಡಿಮೆ.

ಆದರೆ ಈ ಲೆಕ್ಕವನ್ನು ಹಾಗೆಯೇ ನಂಬುವಂತಿಲ್ಲ. ನಿಯಂತ್ರಣಕ್ಕೆಂದು ಕಾಲು ಭಾಗ ಶಕ್ತಿಯನ್ನು ಲೋಡಿಗೆ ಬಿಟ್ಟುಕೊಟ್ಟರೆ ಶೇಕಡಾ 85ರ ದಕ್ಷತೆ 64ಕ್ಕೆ ಬರುತ್ತದೆ. ಹಾಗೆ ನೋಡಿದರೆ ಕ್ಲೈಸ್ಟ್ರಾನಿನಲ್ಲೂ ನಿಯಂತ್ರಣಕ್ಕೆಂದು ಪೂರ್ತಿ ಶಕ್ತಿಗಿಂತ ಕೆಳಗೇ ನಡೆಸಬೇಕು, ಅಲ್ಲೂ ನಷ್ಟ ಇದ್ದದ್ದೇ. ಆಯುಷ್ಯದ ಮಾತು ಬಂದಾಗ ಮ್ಯಾಗ್ನೆಟ್ರಾನ್ ಹಿಂದೆ ಬೀಳುತ್ತದೆ. ಎಲೆಕ್ಟ್ರಾನುಗಳ ಬಡಿತಕ್ಕೆ ಸಿಕ್ಕಿ ಅದರ ಕ್ಯಾಥೋಡ್ ಕೆಲವು ಸಾವಿರ ಗಂಟೆಗಳಲ್ಲಿ ಸವೆಯುತ್ತದೆ. ಕ್ಲೈಸ್ಟ್ರಾನುಗಳು ಹತ್ತಾರು ಸಾವಿರ ಗಂಟೆ ಬಾಳುತ್ತವೆ. ನೂರಾರು ಕೊಳವೆಗಳಿರುವ ಯಂತ್ರದಲ್ಲಿ ಆಗಾಗ ಒಂದು ಕೆಡುತ್ತಿದ್ದರೆ, ದೂಲ ನಿಲ್ಲಿಸದೆ ಅದನ್ನು ಬದಲಿಸುವ ವ್ಯವಸ್ಥೆಯೂ ಬೇಕು. ಇನ್ನೊಂದು ಕಡೆಯಿಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಸ್ಪರ್ಧೆಗೆ ಇಳಿದಿವೆ. ಅವು ದುಬಾರಿ, ಆದರೆ ಸಣ್ಣ ಘಟಕಗಳ ಗುಂಪಾದ್ದರಿಂದ ಒಂದೆರಡು ಕೆಟ್ಟರೂ ಯಂತ್ರ ನಿಲ್ಲುವುದಿಲ್ಲ. ಫರ್ಮಿಲ್ಯಾಬ್ ತನ್ನ ಹೊಸ 800 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಪಿಪ್-2 ಯಂತ್ರಕ್ಕೆ ಆರಿಸಿಕೊಂಡದ್ದು ಇಂಥವನ್ನೇ. ಅವುಗಳ ತಯಾರಿಯಲ್ಲಿ ಭಾರತದ ಅಣುಶಕ್ತಿ ಇಲಾಖೆಯ ಪ್ರಯೋಗಾಲಯಗಳ ಪಾಲಿದೆ.

ಒಟ್ಟಿನಲ್ಲಿ, ಒಂದೇ ಕೊಳವೆಯ ಚಿಕಿತ್ಸಾ ಯಂತ್ರಗಳಲ್ಲಿ ಮ್ಯಾಗ್ನೆಟ್ರಾನ್ ಎಪ್ಪತ್ತು ವರ್ಷಗಳಿಂದ ದುಡಿದು ತನ್ನನ್ನು ಸಾಬೀತುಪಡಿಸಿದೆ, ಏಕೆಂದರೆ ಅಲ್ಲಿ ಬೇಕಾದದ್ದು ಆವೃತ್ತಿಯ ಲಗಾಮು ಮಾತ್ರ. ಫೇಸ್ ಮತ್ತು ಎತ್ತರದ ಲಗಾಮುಗಳು ಪ್ರಯೋಗಾಲಯದ ಮೇಜಿನ ಮೇಲೆ ಗೆದ್ದಿವೆ. ಹಲವು ಕುಹರಗಳ ದೊಡ್ಡ ಯಂತ್ರಕ್ಕೆ ಮ್ಯಾಗ್ನೆಟ್ರಾನ್ ಹೊಗಬೇಕಾದರೆ ವರ್ಷಗಟ್ಟಲೆ ನಿಲ್ಲದೆ ಓಡಿ ತೋರಿಸಬೇಕು. ಅದಕ್ಕೆ ಮೊದಲು ಬೇಕಾದದ್ದು ಹೆಚ್ಚು ಕಾಲ ಬಾಳುವ ಕ್ಯಾಥೋಡ್.